ಮುಖ ಕಾಣದ ಹದಿನಾಲ್ಕು ನಿಮಿಷ

ಯಮುನಮ್ಮ ಆ ಸಿನಿಮಾ ನೋಡಿರಲಿಲ್ಲ. ಅದರಲ್ಲಿ ತಾನಿದ್ದೇನೆ, ಮಗಳು ಗಾನವಿ ಇದ್ದಾಳೆ, ಇಬ್ಬರ ಮುಖವೂ ಕಾಣುವುದಿಲ್ಲ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಮುಖ ಮರೆಸಿ ಎಂದು ಕೇಳಿಕೊಂಡವಳು ಅವಳೇ.

ಗಾನವಿ ಶಿವಮೊಗ್ಗದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಕಾವ್ಯ ಎಂಬ ಹುಡುಗಿಯ ಜೊತೆ ಐದು ವರ್ಷದಿಂದ ಒಂದೇ ಮನೆ. ರೂಮಿನ ಗೆಳತಿ ಎಂದು ಯಮುನಮ್ಮ ಕೊಪ್ಪದ ಹತ್ತಿರದ ತನ್ನ ಹಳ್ಳಿ ನಾರ್ವೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಅದು ಹಾಗಲ್ಲ, ನಾವಿಬ್ಬರೂ ಸಂಸಾರ ಮಾಡುತ್ತಿರುವುದು ಎಂದು ಗಾನವಿ ಬಾಯಿಬಿಟ್ಟು ಹೇಳಿದ್ದು ಎರಡು ವರ್ಷದ ಹಿಂದೆ, ಅಮ್ಮನ ಕೈಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ. ಯಮುನಮ್ಮನ ಕೈ ನಿಲ್ಲಲಿಲ್ಲ. "ಇಬ್ರೂ ಊಟ ಸರಿ ಮಾಡ್ತೀರಾ?" ಎಂದಷ್ಟೇ ಕೇಳಿದಳು. ಆಮೇಲೆ ತಿಂಗಳುಗಟ್ಟಲೆ ಅವಳಿಗೇ ಊಟ ಸೇರಲಿಲ್ಲ.

ಹೀಗೆ ಬಾಳುವವರ ಮೂರು ಮನೆಗಳ ಬಗ್ಗೆ ಚೇತನಾ ಎಂಬಾಕೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಶಿವಮೊಗ್ಗದ ಮನೆಯಲ್ಲಿ ಇಬ್ಬರನ್ನೂ ತೆಗೆದ ಮೇಲೆ ಕ್ಯಾಮೆರಾ ಹಿಡಿದು ನಾರ್ವೆಗೂ ಬಂದು, ಗಾನವಿಯ ಸ್ನೇಹಿತೆ ಎಂಬ ಹೆಸರಿನಲ್ಲಿ ಎರಡು ದಿನ ಉಳಿದಳು. ಯಮುನಮ್ಮ ಹಿತ್ತಿಲಲ್ಲಿ ತನ್ನದೇ ನಾಲ್ಕು ಮರದ ಅಡಿಕೆ ಸುಲಿಯುವುದನ್ನೂ ಮಗಳಿಗೆ ಎಣ್ಣೆ ಹಚ್ಚುವುದನ್ನೂ ತೆಗೆದಳು. ಗಾನವಿಗಾಗಲಿ ಕಾವ್ಯಳಿಗಾಗಲಿ ಮುಖ ತೋರಿಸಲು ಅಡ್ಡಿಯಿರಲಿಲ್ಲ. ಯಮುನಮ್ಮನಿಗಿತ್ತು.

"ನಿನ್ನ ಮುಖ ಕಂಡ್ರೆ ನನ್ನ ಮುಖಾನೂ ಕಂಡ ಹಾಗೇ ಮಗಾ. ನಾನು ಇಲ್ಲೇ ಕೂತು ಸುಲೀಬೇಕು."

"ಆಯ್ತಮ್ಮ," ಎಂದಿದ್ದಳು ಗಾನವಿ. ಬೇಸರವನ್ನು ತೋರಿಸಿಕೊಳ್ಳಲಿಲ್ಲ.

ಸಿನಿಮಾ ಬೆಂಗಳೂರಲ್ಲಿ, ಕೇರಳದಲ್ಲಿ ಓಡಾಡಿ ಬಂತು. ಈಗ ಕೊಪ್ಪದಲ್ಲಿ ತಿಂಗಳಿಗೊಂದು ಭಾನುವಾರ ಸಿನಿಮಾ ತೋರಿಸುವ ನಿವೃತ್ತ ಮೇಷ್ಟ್ರು ಯಜ್ಞೇಶ ಅವರು ಅದನ್ನು ತರಿಸಿದ್ದರು. ಚೇತನಾ ಫೋನ್ ಮಾಡಿದಳು. "ಇದಾದ ಮೇಲೆ ಇಂಟರ್ನೆಟ್ಟಿಗೆ ಹಾಕ್ತೀವಿ ಯಮುನಮ್ಮ, ಯಾರು ಬೇಕಾದ್ರೂ ನೋಡಬಹುದು. ಒಂದ್ಸಲ ಬಂದು ನೋಡಿ. ಮುಖ ಹಾಗೇ ಮಸುಕಾಗಿರಲೋ, ತೆಗೀಲೋ, ನೀವು ಹೇಳಿದಂತೆ. ಆಮೇಲೆ ಬದಲಾಯಿಸೋಕಾಗಲ್ಲ."

ಒಬ್ಬಳೇ ಹೋಗಿಬರುವುದೆಂದು ಯಮುನಮ್ಮ ಎಣಿಸಿದ್ದಳು. ಆದರೆ ಮೇಷ್ಟ್ರು, ಅವಳು ಕೂಲಿಗೆ ಹೋಗುವ ಗಣಪಯ್ಯನವರ ಅಡಿಕೆ ಸುಲಿಯುವ ಚಪ್ಪರಕ್ಕೇ ಬಂದು, "ನಿಮ್ಮ ಹಾಗೆ ಸುಲಿಯೋರೂ ಇದಾರಂತೆ ಇದ್ರಲ್ಲಿ, ಬನ್ನಿ" ಎಂದು ಕರೆದು ಹೋದರು. ಜೊತೆಗೆ ಸುಲಿಯುವ ಸೀತಕ್ಕ, ವೆಂಕಮ್ಮ ಇಬ್ಬರೂ ಹೊರಟು ನಿಂತರು.

"ಸುಲಿಯೋದು ನೋಡಕ್ಕೆ ಕೊಪ್ಪಕ್ಕೆ ಬಸ್ ಹತ್ತಬೇಕೇನೆ," ಎಂದಳು ಯಮುನಮ್ಮ.

"ನಾವು ಸುಲಿಯೋದು ದಿನಾ ಇದ್ದಿದ್ದೇ ಮಾರಾಯ್ತಿ. ಕೂತ್ಕಂಡು ನೋಡದು ಒಂದಿನ ಆಗ್ಲಿ," ಎಂದಳು ಸೀತಕ್ಕ.

ಯಮುನಮ್ಮ ಹೆಚ್ಚು ಹೆದರಲಿಲ್ಲ. ಮುಖವಿಲ್ಲ. ದನಿಯನ್ನೂ ಬದಲಾಯಿಸಿದ್ದಾರೆ. ಯಾರಿಗೆ ತಿಳಿಯುತ್ತದೆ?

ಕೊಪ್ಪದ ಸಭಾಂಗಣದ ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನವನ್ನು ಕತ್ತಲೆ ಮಾಡಿದ್ದರು. ಮೂವತ್ತು ನಲವತ್ತು ಜನ. ಪರದೆಯ ಮೇಲೆ ಮೊದಲು ಚಿಕ್ಕಮಗಳೂರಲ್ಲಿ ಟೀ ಅಂಗಡಿ ನಡೆಸುವ ಇಬ್ಬರು ಗಂಡಸರು ಬಂದರು, ಸಕ್ಕರೆ ಹೆಚ್ಚಾಯಿತೆಂದು ಒಬ್ಬರನ್ನೊಬ್ಬರು ಬೈಯುತ್ತ. ಆಮೇಲೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ, ಮಕ್ಕಳಿಗೆ ಹಾರ್ಮೋನಿಯಂ ಕಲಿಸುವ ಒಬ್ಬಾಕೆ. ಅವರ ಕಣ್ಣು, ಹಣೆಯ ಗೆರೆ, ನಗು ಎಲ್ಲ ಪರದೆಯ ತುಂಬ. ಜನ ಅವರ ಜೊತೆ ನಕ್ಕರು.

ಮೂರನೆಯದಾಗಿ ಗಾನವಿ, ಕಾವ್ಯರ ಮನೆ, ಆಮೇಲೆ ಅವಳ ಹಿತ್ತಿಲು, ಒಟ್ಟು ಹದಿನಾಲ್ಕು ನಿಮಿಷ. ಮುಖಗಳಿರಬೇಕಾದಲ್ಲಿ ಅನ್ನದ ಪಾತ್ರೆಯ ಮೇಲಿನ ಹಬೆಯಂಥದೇನೋ ಅಲುಗುತ್ತಿತ್ತು. ಮಾತು ಕೊಡದೊಳಗಿಂದ ಬಂದಂತಿತ್ತು. ಎಣ್ಣೆ ಹಚ್ಚಿಸಿಕೊಳ್ಳುತ್ತ ಗಾನವಿ ನಕ್ಕಳು. ಭುಜ ಕುಲುಕಿದ್ದರಿಂದ ನಕ್ಕಳೆಂದು ಯಮುನಮ್ಮನಿಗೆ ಗೊತ್ತಾಯಿತು. ನಕ್ಕಾಗ ಮಗಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಅದು ಎಲ್ಲೂ ಇರಲಿಲ್ಲ. ಮೂರು ಮನೆಗಳಲ್ಲಿ ಮುಖವಿಲ್ಲದ ಮಕ್ಕಳು ತನ್ನವರೇ. ಈ ಸಲ ಜನ ನಗಲೂ ಇಲ್ಲ.

ಆಮೇಲೆ ಪರದೆಯ ಮೇಲೆ ಮೆಟ್ಟುಗತ್ತಿ ಬಂತು. ಹಲಗೆಗೆ ನಿಲ್ಲಿಸಿದ ಕತ್ತಿ, ಅದರ ಅಲಗಿಗೆ ಹಸಿ ಅಡಿಕೆ ಒತ್ತಿ ಸಿಪ್ಪೆ ಬಿಡಿಸುವ ಎರಡು ಕೈ. ಒತ್ತುತ್ತಿದ್ದುದು ಎಡಗೈ. ಬುಟ್ಟಿಯೂ ಎಡಕ್ಕಿತ್ತು. ಪಕ್ಕದಲ್ಲಿ ಸೀತಕ್ಕ ತಿರುಗಿ ಯಮುನಮ್ಮನ ಕೈ ನೋಡಿದಳು.

ಯಮುನಮ್ಮನಿಗೆ ತನ್ನ ತಪ್ಪು ಆಗ ತಿಳಿಯಿತು. ಚಪ್ಪರದಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ತಲೆ ತಗ್ಗಿಸಿ ಕೂತವರು ಇಡೀ ಸುಗ್ಗಿ ನೋಡುವುದು ಪಕ್ಕದವಳ ಕೈಯನ್ನು. ಅವಳು ಎಡಗೈಯವಳು. ಪಕ್ಕದವರಿಗೆ ಮೊಣಕೈ ತಾಗದಿರಲೆಂದು ಇಪ್ಪತ್ತು ವರ್ಷದಿಂದ ಸಾಲಿನ ಎಡ ತುದಿಯಲ್ಲಿ ಕೂರುತ್ತಿದ್ದಳು. ಮುಖ ಮರೆಸಿ ಎಂದು ಬೇಡಿಕೊಂಡವಳಿಗೆ ಕೈ ನೆನಪಾಗಿರಲಿಲ್ಲ.

ದೀಪ ಹಾಕಿದರು. ಮೇಷ್ಟ್ರು ಅಭಿಪ್ರಾಯ ಕೇಳಿದರು. ಸುಂದರೇಶ್ ಎಂಬ ಅಡಿಕೆ ವ್ಯಾಪಾರಿ ಎದ್ದು ನಿಂತ. "ಮೊದಲ ಎರಡು ಸರಿ ಮೇಷ್ಟ್ರೇ. ಆ ಮೂರನೇದು ಸುಳ್ಳು. ನಮ್ಮ ಕಡೆ ಇಂಥದೆಲ್ಲ ಎಲ್ಲಿದೆ? ಮುಖ ತೋರ್ಸದೆ ಯಾರನ್ನ ಬೇಕಾದ್ರೂ ಕೂರ್ಸಿ ಆ್ಯಕ್ಟಿಂಗ್ ಮಾಡಿಸಬಹುದು."

ಮೇಷ್ಟ್ರ ಪಕ್ಕ ನಿಂತಿದ್ದ ಚೇತನಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸೀತಕ್ಕ ಕೂತಲ್ಲಿಂದಲೇ ಅಂದಳು, "ಆ್ಯಕ್ಟಿಂಗ್ ಅಲ್ಲ. ಸುಲಿಯೋ ಕೈ ನಮ್ಮ ಕಡೇದೇ."

"ಯಾರದ್ದು ಹಾಗಾದ್ರೆ? ಹೇಳಿ."

"ಅದನ್ನ ಹೇಳದು ನಂದಲ್ಲ."

ವೆಂಕಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದಳು. ಯಮುನಮ್ಮ ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ಆಮೇಲೆ ಹಾಗೆ ಮುಚ್ಚಿಟ್ಟದ್ದು ಅವಳಿಗೇ ಕಂಡಿತು. ಎದ್ದು ಹೊರಗೆ ಹೋಗಿ, ಜಗಲಿಯಲ್ಲಿ ನಿಂತು ಮಗಳಿಗೆ ಫೋನ್ ಮಾಡಿದಳು.

"ಎಂತಾಯ್ತಮ್ಮ? ನೋಡಿದ್ಯಾ?"

"ನೋಡ್ದೆ. ನಿನ್ನ ಗುಳಿ ಕಾಣಲ್ಲ ಅದ್ರಲ್ಲಿ." ಅವಳು ಫೋನನ್ನು ಎಡಗೈಗೆ ಬದಲಿಸಿಕೊಂಡಳು. "ಒಬ್ಬ ನಿನ್ನನ್ನ ಸುಳ್ಳು ಅಂದ. ನಂಗೆ ಕೇಳಕಾಗ್ಲಿಲ್ಲ. ಮುಖ ತೋರ್ಸಿ ಅಂತ ಹೇಳ್ಲಾ? ನಿಮ್ಮಿಬ್ರಿಗೂ ಈಗ್ಲೂ ಮನಸ್ಸಿದ್ರೆ."

ಗಾನವಿ ಪಕ್ಕದಲ್ಲಿದ್ದ ಕಾವ್ಯಳಿಗೆ ಏನೋ ಹೇಳಿದ್ದು ಕೇಳಿಸಿತು. ಮರಳಿ ಬಂದ ದನಿ ಒದ್ದೆಯಾಗಿತ್ತು. "ನಮಗೆ ಮೊದ್ಲಿಂದ್ಲೂ ಇತ್ತಲ್ಲಮ್ಮ. ಆದ್ರೆ ನೀನು? ಚಪ್ಪರದಲ್ಲಿ ಎಲ್ಲಿ ಕೂರ್ತೀಯ?"

"ಯಾವಾಗ್ಲೂ ಕೂರೋ ಜಾಗದಲ್ಲೇ."

ಚೇತನಾಳಿಗೆ ವಿಷಯ ಹೇಳಿದಾಗ ಅವಳು ಯಮುನಮ್ಮನ ಕೈ ಹಿಡಿದುಕೊಂಡಳು. "ಹೋದಲ್ಲೆಲ್ಲ ದೊಡ್ಡ ದೊಡ್ಡವರು ಆ ಮಸುಕನ್ನೇ ಹೊಗಳಿದ್ರು. ಕಲೆ ಅಂದ್ರು. ಅದು ಹೆದರಿಕೆ ಅಂತ ನಂಗೆ ಹೇಳಕ್ಕಾಗ್ಲಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ವೆಂಕಮ್ಮ ಮುಂದೆ ಹೋಗಿ ಬೇರೆಯವರ ಪಕ್ಕ ಕೂತಳು. ನಾರ್ವೆಯಲ್ಲಿ ಇಳಿಯುವಾಗ ಸೀತಕ್ಕ, "ನಂಗಾದ್ರೂ ಹೇಳಬಹುದಿತ್ತು," ಎಂದಳು.

ಸೋಮವಾರ ಬೆಳಿಗ್ಗೆ ಯಮುನಮ್ಮ ಚಪ್ಪರಕ್ಕೆ ಹೋದಾಗ, ಅವಳ ಜಾಗಕ್ಕೂ ವೆಂಕಮ್ಮನ ಮೆಟ್ಟುಗತ್ತಿಗೂ ನಡುವೆ ಇಬ್ಬರು ಕೂರುವಷ್ಟು ಜಾಗ ಬಿದ್ದಿತ್ತು. ಅವಳು ಸಾಲಿನ ತುದಿಯಲ್ಲಿ ಕೂತು ಸುಲಿಯತೊಡಗಿದಳು. ತಡವಾಗಿ ಬಂದ ಸೀತಕ್ಕ ಆ ಖಾಲಿ ಜಾಗ ನೋಡಿದಳು, ಯಮುನಮ್ಮನನ್ನು ನೋಡಿದಳು. ಹಲಗೆ ಎಳೆದುಕೊಂಡು ಸಾಲಿನ ಆಚೆ, ಇಷ್ಟು ವರ್ಷ ಯಾರೂ ಕೂರದಿದ್ದ ಯಮುನಮ್ಮನ ಎಡಕ್ಕೆ ಕೂತಳು.

ಎರಡನೇ ಅಡಿಕೆಗೇ ಮೊಣಕೈ ತಾಗಿತು. ಸೀತಕ್ಕ ಸರಿಯಲಿಲ್ಲ.