ಹೊಸ್ತಿಲಲ್ಲಿ ಕೂತ ನಾಯಿ

ಪುಟ್ಟಮಲ್ಲಪ್ಪನವರ ಮಂಡಿಯಿಂದ ನಾಲ್ಕು ಮೂಟೆ ಅರಿಸಿನ ಕಳುವಾದದ್ದು ಗುಂಡ್ಲುಪೇಟೆಗೆ ಒಂದು ದಿನದ ಸುದ್ದಿ. ಕಳ್ಳನನ್ನು ಹಿಡಿಯಲು ಪೊಲೀಸ್ ನಾಯಿ ಬರುತ್ತದಂತೆ ಎಂಬುದು ವಾರದ ಸುದ್ದಿ. ಚಾಮರಾಜನಗರದಲ್ಲಿ ಒಂದು ಕೊಲೆಯ ತನಿಖೆಗೆಂದು ಮದ್ರಾಸಿನಿಂದ ತರಿಸಿದ್ದ ನಾಯಿ ಅದು. ಅಲ್ಲಿಯ ಕೆಲಸ ಮುಗಿದಿತ್ತು. ವಾಪಸು ಹೋಗುವ ಮೊದಲು ನಮ್ಮಲ್ಲಿಗೂ ಕಳಿಸಿಕೊಡಿ ಎಂದು ಇಲ್ಲಿಯ ಇನ್‌ಸ್ಪೆಕ್ಟರು ಕೇಳಿಕೊಂಡಿದ್ದರು.

"ಜೀಪಲ್ಲಿ ಬತ್ತದಂತೆ ಕಣ್ಲಾ ನಾಯಿ," ಎಂದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬ. "ನಿಮ್ಮಪ್ಪ ಕುಂತಿದ್ನಾ ಯಾವತ್ತಾರ ಜೀಪಲ್ಲಿ?"

"ಕುಂತಿದ್ದ ಬುಡು. ಕೈಗೆ ಬೇಡಿ ಆಕಿ ಕೂರ್ಸಿದ್ರು."

ನಾಯಿ ತೆರಕಣಾಂಬಿ ರಸ್ತೆಯಿಂದ ಬಂತು. ಹೆಸರು ರೀಟಾ. ಅದನ್ನು ಹಿಡಿದಿದ್ದ ಪೊಲೀಸಿನವನು ತಮಿಳಿನವನು, ಸಣಕಲು ಮನುಷ್ಯ, ಊರಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಮೂಟೆಗಳನ್ನು ಎಳೆದ ಜಾಗದಲ್ಲಿ ಒಂದು ಕರಿಯ ಕಂಬಳಿ ಬಿದ್ದಿತ್ತು. ಕಳ್ಳ ಅವಸರದಲ್ಲಿ ಬಿಟ್ಟುಹೋದದ್ದು ಎಂದು ಇನ್‌ಸ್ಪೆಕ್ಟರು ಅದನ್ನು ಯಾರೂ ಮುಟ್ಟದಂತೆ ಕಟ್ಟಿಸಿಟ್ಟಿದ್ದರು. ನಾಯಿ ಅದನ್ನು ಮೂಸಿತು. ಮಂಡಿಯೊಳಗೆ ಎರಡು ಸುತ್ತು ಹಾಕಿ, ಬೀದಿಯ ಕಡೆಗೆ ಹೋಗದೆ ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ನುಗ್ಗಿತು.

ಹಿತ್ತಲಿನ ಆಚೆಗೆ ಪುಟ್ಟಮಲ್ಲಪ್ಪನವರ ಮನೆ. ಹಿಂಬಾಗಿಲ ಪಕ್ಕದಲ್ಲಿ ಆಳು ರಾಚಯ್ಯ ಸೌದೆ ಸೀಳುತ್ತಿದ್ದ. ನಾಯಿ ಅವನ ಪಕ್ಕದಲ್ಲೇ ಹಾದು ಬಾಗಿಲಿಗೆ ಬಂತು.

"ಒಳಕ್ಕೆ ಬುಡಬ್ಯಾಡಿ," ಎಂದರು ಒಳಗಿನಿಂದ ಮಲ್ಲಾಜಮ್ಮ, ಮನೆಯ ಯಜಮಾನಿ. "ಲಿಂಗಪೂಜೆ ಆಗೋ ಮನೆ ಇದು. ನಾಯಿ ಹೊಸ್ತಿಲು ದಾಟಬಾರ್ದು."

ತಮಿಳಿನವನು ಪಟ್ಟಿ ಬಿಗಿಹಿಡಿದ. ನಾಯಿ ಒಮ್ಮೆ ಮುಂದಕ್ಕೆ ಜಗ್ಗಿತು, ಕುಂಯ್‌ಗುಟ್ಟಿತು, ಆಮೇಲೆ ಹೊಸ್ತಿಲ ಹೊರಗೆ ಕೂತುಬಿಟ್ಟಿತು. ಆ ಮನೆಯಲ್ಲಿ ಹೊಸ್ತಿಲ ಹೊರಗೇ ನಿಲ್ಲುವವನು ಇನ್ನೊಬ್ಬನಿದ್ದ. ರಾಚಯ್ಯ ಎರಡು ಮಾರು ದೂರದಲ್ಲಿ, ಕೊರಡಿಗೆ ಹೊಡೆದ ಕೊಡಲಿಯ ಕಾವು ಹಿಡಿದುಕೊಂಡೇ ನಿಂತಿದ್ದ.

"ಇವನೇನೋ?" ಎಂದರು ಇನ್‌ಸ್ಪೆಕ್ಟರು.

ಬಾಗಿಲ ಹಿಂದೆ ಕತ್ತಲಲ್ಲಿ ಯಶೋದಮ್ಮ ನಿಂತಿದ್ದಳು. ಪುಟ್ಟಮಲ್ಲಪ್ಪನವರ ಸೊಸೆ, ಮೈಸೂರಿನಲ್ಲಿ ಬಿ.ಎ. ಮಾಡಿದವಳು. ಗಂಡ ಗುರುಪಾದಸ್ವಾಮಿ ಜ್ವರದಲ್ಲಿ ಹೋಗಿ ಎಂಟು ತಿಂಗಳಾಗಿತ್ತು. ಅವಳು ನಾಯಿಯನ್ನು ನೋಡಲಿಲ್ಲ, ತಮಿಳಿನವನ ಕಂಕುಳಲ್ಲಿದ್ದ ಕಂಬಳಿಯ ಮೂಲೆಯನ್ನು ನೋಡಿದಳು. ಇಲಿ ಕಡಿದ ತೂತಿಗೆ ನೀಲಿ ಉಣ್ಣೆಯಲ್ಲಿ ಹಾಕಿದ ಹೊಲಿಗೆ, ಅವಳ ಕೈಯದೇ. "ಕಂಬಳಿಗೆ ಕಣ್ಣು ಬರೆದಿದ್ದೀಯ," ಎಂದು ಗಂಡ ನಕ್ಕಿದ್ದ. ಊಟವಾದ ಮೇಲೆ ಮಂಡಿಯ ಮೂಟೆಗಳ ಮೇಲೆ ಅದನ್ನು ಹಾಸಿ ಮಲಗುತ್ತಿದ್ದ. ಒಂದು ದಿನ ಕಾಣೆಯಾಯಿತು, ಮನೆಯೆಲ್ಲ ಹುಡುಕಿದ್ದರು. ಬೆಲೆ ಏರಲೆಂದು ವರ್ಷದಿಂದ ಕದಲಿಸದೆ ಇಟ್ಟಿದ್ದ ಮೂಟೆಗಳ ಹಿಂದೆ ಅದು ಜಾರಿ ಬಿದ್ದಿತ್ತು. ಕಳ್ಳ ಮೂಟೆ ಎಳೆದಾಗ ಹೊರಗೆ ಬಂದಿತ್ತು, ಅಷ್ಟೆ.

ನಾಯಿ ಹುಡುಕಿಕೊಂಡು ಬಂದದ್ದು ರಾಚಯ್ಯನನ್ನಲ್ಲ. ಒಳಗಿನ ಸಣ್ಣ ಕೋಣೆಯಲ್ಲಿ, ಅವಳ ಟ್ರಂಕಿನಲ್ಲಿ, ಕಾಲೇಜಿನ ಪುಸ್ತಕಗಳ ಕೆಳಗೆ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಡಬ್ಬದಲ್ಲಿ ಅವನು ಜ್ವರ ಬಂದ ದಿನ ತೊಟ್ಟಿದ್ದ ಶರ್ಟು ಇತ್ತು, ಒಗೆಯದ್ದು. ಶಿವಗಣಾರಾಧನೆಯ ದಿನ ಅವನ ಬಟ್ಟೆಯನ್ನೆಲ್ಲ ದಾನ ಕೊಟ್ಟಿದ್ದರು. ಇದೊಂದನ್ನು ಅವಳು ತೆಗೆದಿಟ್ಟಿದ್ದಳು. ಪದೇ ಪದೇ ತೆರೆದರೆ ವಾಸನೆ ಹಾರಿಹೋಗುತ್ತದೆಂದು ಅಮಾವಾಸ್ಯೆಗೊಮ್ಮೆ ಮಾತ್ರ ಮುಚ್ಚಳ ತೆಗೆದು, ಮುಖವಿಟ್ಟು, ಮುಚ್ಚುತ್ತಿದ್ದಳು.

ಎಂಟು ತಿಂಗಳಲ್ಲಿ ಅವನನ್ನು ಹುಡುಕಿಕೊಂಡು ಬಂದದ್ದು ಇದೊಂದೇ ಎಂದು ಅವಳಿಗೆ ಅನ್ನಿಸಿತು. ಅದೇ ಅನ್ನಿಸಿಕೆಯಲ್ಲಿ ಅವಳು ನಿಂತಿರುವಾಗ ರಾಚಯ್ಯನ ಹೆಗಲಿನ ಟವಲನ್ನು ಅವನ ಕತ್ತಿಗೆ ಸುತ್ತಿ ಪೇದೆಗಳು ಠಾಣೆಗೆ ಎಳೆದುಕೊಂಡು ಹೋದರು. ಇಷ್ಟು ಗಂಡಸರ ಮುಂದೆ ಬಾಗಿಲ ಹಿಂದಿನಿಂದ ಹೇಗೆ ಮಾತಾಡುವುದು ಎಂದುಕೊಂಡಳು. ಸಂಜೆಗೆ ಬಿಡುತ್ತಾರೆ ಎಂದುಕೊಂಡಳು. ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ರಾಚಯ್ಯನ ಹೆಂಡತಿ ಸೋಮಮ್ಮ ಬಂದು ಹಿತ್ತಲ ಬಾವಿಯ ಪಕ್ಕ ಕೂತು ಯಶೋದಮ್ಮನನ್ನು ಕರೆದಳು. ಅಳಲಿಲ್ಲ.

"ಟೇಸನ್ ಮುಂದೆ ಕೂತಿದ್ದೆ ಕಣವ್ವ. ಏಟು ಕೇಳಿಸ್ತದೆ. ಅವನ ಬಾಯಿ ಕೇಳಿಸಲ್ಲ. ಏನಾರ ಒಪ್ಕೊಂಬುಟ್ರೆ ಬುಡ್ತಾರೇನೋ, ಒಪ್ಕಳೋಕೆ ಅವನಿಗೇನೂ ಗೊತ್ತಿಲ್ಲ."

ಆ ಹೊತ್ತಿಗೆ ಮುಂದಿನ ಜಗಲಿಯಲ್ಲಿ ಇನ್‌ಸ್ಪೆಕ್ಟರು ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ಠಾಣೆಗೆ ಹೋಗುವ ದಾರಿಯಲ್ಲಿ ಈ ಜಗಲಿಗೆ ಬರುವುದು ಅವರ ವಾಡಿಕೆ. ಯಶೋದಮ್ಮ ಮಾವನವರನ್ನು ಒಳಗೆ ಕರೆದು ಕಂಬಳಿಯ ವಿಷಯ ಹೇಳಿದಳು. ಶರ್ಟಿನ ವಿಷಯ ಹೇಳಲಿಲ್ಲ.

ಮಗನ ಹೆಸರು ಆ ಮನೆಯಲ್ಲಿ ಈಚೆಗೆ ಯಾರೂ ಎತ್ತುತ್ತಿರಲಿಲ್ಲ. ಪುಟ್ಟಮಲ್ಲಪ್ಪನವರು ಹೊರಗೆ ಹೋಗಿ ಹೇಳಿದರು. ಇನ್‌ಸ್ಪೆಕ್ಟರು ನಕ್ಕದ್ದು ಒಳಗೆ ಕೇಳಿಸಿತು.

"ಯಜಮಾನ್ರೇ, ಕಂಬಳಿ ಎಲ್ಲಾ ಕರೀದೇ. ಹೊಲಿಗೆ ಎಲ್ಲಾ ಹೆಂಗಸರೂ ಹಾಕ್ತಾರೆ. ನಿಮ್ಮ ಸೊಸೆಯೋರು ಓದಿದೋರು, ಆಳಿನ ಮೇಲೆ ಕನಿಕರ ಇರೋದು ಒಳ್ಳೇದೇ. ಆದ್ರೆ ಮನುಷ್ಯರ ಮಾತಿಗೆ ನಂಬಿಕೆ ಇದ್ದಿದ್ರೆ ಸರ್ಕಾರ ನಾಯಿ ಯಾಕೆ ಸಾಕ್ತಿತ್ತು?"

"ಅದೂ ಸರಿಯೇ," ಎಂದರು ಪುಟ್ಟಮಲ್ಲಪ್ಪನವರು.

ಹಾಗಾದರೆ ನಾಯಿಯನ್ನೇ ಕೇಳಿ ಎಂದು ಹೇಳಬಹುದಾಗಿತ್ತು. ಹೇಗೆ ಕೇಳಬೇಕು ಎಂಬುದೂ ಅವಳಿಗೆ ಹೊಳೆದಿತ್ತು. ಅಂದು ಇಡೀ ದಿನ ಟ್ರಂಕಿನ ಮುಂದೆ ಕೂತಿದ್ದಳು. ಕೊಟ್ಟರೆ ವಾಪಸು ಬರುವುದಿಲ್ಲ. ಬಂದರೂ ಅದೇ ಶರ್ಟಾಗಿ ಬರುವುದಿಲ್ಲ. ನಾಳೆ ಬಿಟ್ಟಾರು ಎಂದು ಇನ್ನೊಂದು ಸಲ ಅಂದುಕೊಂಡಳು.

ಮೂರನೆಯ ದಿನ, ನಾಯಿಯನ್ನು ಮಧ್ಯಾಹ್ನ ಕರೆದೊಯ್ಯುತ್ತಾರೆಂದು ಗೊತ್ತಾದಾಗ, ಅವಳು ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂಬಾಗಿಲಿನಿಂದ ಹೊರಟಳು. ಎಂಟು ತಿಂಗಳಲ್ಲಿ ಬೀದಿಗೆ ಇಳಿದದ್ದು ಅದೇ ಮೊದಲು. ಕೇರಳದ ಕಡೆಗೆ ಈರುಳ್ಳಿ ಹೊತ್ತ ಲಾರಿಗಳು ಸಾಲಾಗಿ ನಿಂತಿದ್ದವು. ಯಾರೋ ಬೀಡಿ ಮರೆಮಾಡಿದರು.

ಠಾಣೆಯ ಅಂಗಳದ ಹೊಂಗೆ ಮರದ ಕೆಳಗೆ ತಮಿಳಿನವನು ನಾಯಿಗೆ ನೀರು ಕುಡಿಸುತ್ತಿದ್ದ. ಇನ್‌ಸ್ಪೆಕ್ಟರು ಎದ್ದು ನಿಂತು ಕುರ್ಚಿ ತರಿಸಿದರು. ಅವಳು ಕೂರಲಿಲ್ಲ.

"ನಾಯಿಯ ಮಾತಾದರೆ ನಂಬುತ್ತೀರಂತೆ," ಎಂದಳು. "ಇದು ನನ್ನ ಯಜಮಾನರ ಶರ್ಟು. ಇದನ್ನು ಮೂಸಲಿ. ಆ ಕಂಬಳಿಯನ್ನು ಬೇರೆ ಕಂಬಳಿಗಳ ನಡುವೆ ಇಡಿ."

"ಇದೆಲ್ಲಾ ಕ್ರಮ ಅಲ್ಲಮ್ಮ. ಮನೆಗೆ ಹೋಗಿ, ನಾನು ಯಜಮಾನರ ಹತ್ರ ಮಾತಾಡ್ತೀನಿ."

"ಮಾಡಲಾಂ ಸಾರ್," ಎಂದ ತಮಿಳಿನವನು, ನೀರಿನ ಬಟ್ಟಲು ಕೆಳಗಿಟ್ಟು. "ಐದು ನಿಮಿಷ. ನಾಯಿ ಪೊಯ್ ಹೇಳಲ್ಲ, ಸುಳ್ಳು ಹೇಳಲ್ಲ." ಅವನ ಮುಖದಲ್ಲಿ ಎರಡು ದಿನದಿಂದ ಏನೋ ಕೊರೆಯುತ್ತಿದ್ದಂತೆ ಕಂಡಿತು.

ಅವಳು ಡಬ್ಬದ ಮುಚ್ಚಳ ತೆಗೆದಳು. ಅಮಾವಾಸ್ಯೆಗೆ ಇನ್ನೂ ಆರು ದಿನ ಇತ್ತು. ಕೈ ಹಾಕಹೊರಟವಳನ್ನು ಅವನು ತಡೆದ.

"ಮುಟ್ಬೇಡಮ್ಮ. ನಿಮ್ ವಾಸನೆ ಸೇರುತ್ತೆ." ಇಕ್ಕಳದಲ್ಲಿ ಶರ್ಟನ್ನು ಮೆಲ್ಲಗೆ ಎತ್ತಿ, "ಒಗೆದಿಲ್ಲ ಅಲ್ಲಾ?" ಎಂದು ಕೇಳಿದ.

"ಇಲ್ಲ."

"ಒಳ್ಳೇ ಡಬ್ಬ," ಎಂದ.

ಪೇದೆಗಳ ಕಂಬಳಿಗಳನ್ನೂ ಸೇರಿಸಿ ಐದನ್ನು ಸಾಲಾಗಿ ಇಟ್ಟರು. ನಾಯಿ ಶರ್ಟಿನ ಕತ್ತಿನ ಪಟ್ಟಿಗೆ ಮೂಗು ಒತ್ತಿ ವಾಸನೆ ಎಳೆದುಕೊಂಡಿತು. ಅವಳು ಮುಖವಿಡುತ್ತಿದ್ದ ಜಾಗವೂ ಅದೇ. ನಾಯಿಯ ಜೊಲ್ಲು ಅದರ ಮೇಲೆ ಒಂದು ಗೆರೆಯಾಗಿ ಉಳಿಯಿತು. ಆಮೇಲೆ ಸಾಲಿನುದ್ದಕ್ಕೂ ನಡೆದು ನಾಲ್ಕನೆಯದರ ಪಕ್ಕ ಕೂತಿತು. ನೀಲಿ ಹೊಲಿಗೆಯ ಕಂಬಳಿ. ಇನ್‌ಸ್ಪೆಕ್ಟರು ಕಂಬಳಿಗಳನ್ನು ಅದಲುಬದಲು ಮಾಡಿಸಿದರು. ಮೊದಲನೆಯದರ ಪಕ್ಕ ಕೂತಿತು. ನೀಲಿ ಹೊಲಿಗೆ.

"ಆವತ್ತೇ ಹೇಳಿದೆ ಸಾರ್, ಒಳಗೆ ಹೋಗಬೇಕು ಅಂತ ಎಳೀತಿದೆ ಅಂತ," ಎಂದ ತಮಿಳಿನವನು. "ಅಷ್ಟು ಮಂಜಳ್, ಅರಿಸಿನ ವಾಸನೆ ನಡುವೆಯೂ ಹಿಡಿದಳು ಇವಳು. ನಾವು ಹೊಸ್ತಿಲಲ್ಲಿ ನಿಲ್ಲಿಸಿದ್ವಿ."

ಇನ್‌ಸ್ಪೆಕ್ಟರು ಟೋಪಿ ತೆಗೆದು ಒಳಪಟ್ಟಿ ಒರೆಸಿಕೊಂಡರು. "ಬಿಟ್ಟುಬಿಡಿ ಅವನ್ನ," ಎಂದು ಒಳಗಿನವರಿಗೆ ಹೇಳಿದರು. ಅದನ್ನು ಹೇಳುವುದು ಅಷ್ಟು ಸುಲಭವಾಗಿತ್ತು.

ಕಂಬಳಿಯ ಜೊತೆಗೆ ಶರ್ಟನ್ನೂ ದಾಖಲೆಗೆ ಸೇರಿಸಬೇಕೆಂದರು. ಠಾಣೆಯ ರೈಟರ್ ಅದನ್ನು ಮಡಚಿ, ಚೀಟಿ ಕಟ್ಟಿ, ಒಂದು ಹಿಡಿ ನುಸಿಗುಂಡು ಹಾಕಿ ಗಂಟು ಬಿಗಿದ. "ಜಿರಳೆ ಕಾಟ ಅಮ್ಮ. ಡಬ್ಬ ಬೇಡ, ತಗೊಂಡೋಗಿ."

ರಾಚಯ್ಯ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಬಲಗೈಗೆ ಟವಲು ಸುತ್ತಿಕೊಂಡಿದ್ದ. ಎಂದಿನಂತೆ ಹತ್ತು ಹೆಜ್ಜೆ ಹಿಂದೆ ನಡೆದ. ಹೆದ್ದಾರಿ ದಾಟಲು ಲಾರಿಯೊಂದಕ್ಕೆ ಕಾಯುವಾಗ ಮಾತ್ರ ಹತ್ತಿರ ನಿಂತ.

"ಪೋಲೀಸಿನೋರು ಅಂದ್ರು, ನೀವೇ ಬುಡಿಸಿದ್ದು ಅಂತ."

ಅವಳು ಡಬ್ಬವನ್ನು ಸೆರಗಿನೊಳಕ್ಕೆ ಸರಿಸಿಕೊಂಡಳು.

"ಕಂಬ್ಳಿ ಸಣ್ಣ ಬುದ್ಧಿಯೋರ್ದು ಅಂತ ನಿಮಗೆ ಯಾವಾಗ ತಿಳೀತವ್ವ?" ಸಣ್ಣ ಬುದ್ಧಿಯವರು ಎಂದರೆ ಗುರುಪಾದಸ್ವಾಮಿ, ಚಿಕ್ಕ ಯಜಮಾನನನ್ನು ಅವನು ಹಾಗೆಯೇ ಕರೆಯುತ್ತಿದ್ದ.

ಇವತ್ತು ಬೆಳಿಗ್ಗೆ ಎನ್ನಬಹುದಾಗಿತ್ತು. ಅವನು ನಂಬುತ್ತಿದ್ದ.

"ಮೊದಲನೇ ದಿನವೇ," ಎಂದಳು.

ಲಾರಿ ಹಾದುಹೋಯಿತು. ರಾಚಯ್ಯ ಟವಲಿನ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡ.

"ನೆನ್ನೆ ಮದ್ಯಾನ್ನದ ಗಂಟ ಈ ಕೈ ಬೆರ್ಳು ಚೆನ್ನಾಗೇ ಇದ್ವು," ಎಂದ. ಸಿಟ್ಟಿನಿಂದ ಹೇಳಲಿಲ್ಲ, ಕೇಳಿದವರಿಗೆ ಹೊತ್ತು ಹೇಳುವಂತೆ ಹೇಳಿದ. ರಸ್ತೆ ದಾಟಿ, ಮಂಡಿಯ ಕಡೆಗೆ ತಿರುಗದೆ, ತನ್ನ ಕೇರಿಯ ದಾರಿ ಹಿಡಿದ. ಅವಳು ಅವನು ಮರೆಯಾಗುವ ತನಕ ನಿಂತಿದ್ದು, ಖಾಲಿ ಡಬ್ಬದೊಂದಿಗೆ ಮನೆಗೆ ಬಂದಳು.

ಹಿತ್ತಲಲ್ಲಿ ಕೊಡಲಿ ಕೊರಡಿಗೆ ನೆಟ್ಟಂತೆಯೇ ಇತ್ತು. ಅರ್ಧ ಸೀಳಿದ ಸೌದೆ ಸುತ್ತ ಬಿದ್ದಿತ್ತು. ಹಿಂಬಾಗಿಲ ಹೊಸ್ತಿಲ ಮೇಲೆ ಮಲ್ಲಾಜಮ್ಮ ಕೂತಿದ್ದರು. ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರಿತ್ತು. ಸತ್ತವರ ಬಟ್ಟೆ ಮನೆಯಲ್ಲಿಡಬಾರದು ಎಂದು ಶಿವಗಣಾರಾಧನೆಯ ದಿನ ಒಂದೊಂದು ಪೆಟ್ಟಿಗೆಯನ್ನೂ ಕೊಡವಿ ತೆಗೆಸಿದವರು ಅವರೇ. ಯಶೋದಮ್ಮ ಬೈಗುಳಕ್ಕೆ ಕಾದು ನಿಂತಳು.

ಮಲ್ಲಾಜಮ್ಮ ಕೈ ಚಾಚಿ ಡಬ್ಬ ತೆಗೆದುಕೊಂಡರು. ಮುಚ್ಚಳ ತೆರೆದು ಮುಖದ ಹತ್ತಿರ ಹಿಡಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ಏನೂ ಇಲ್ವಲ್ಲ," ಎಂದರು.

"ಇಲ್ಲ."

"ನಂಗೂ ಒಂದ್ಸಲ ಹೇಳಬೋದಾಗಿತ್ತು ಕಣವ್ವ."

ಯಶೋದಮ್ಮ ಹೊಸ್ತಿಲ ಹೊರಗೆ ನಿಂತೇ ಇದ್ದಳು. ಒಳಗೆ ಹೋಗಲು ಮಲ್ಲಾಜಮ್ಮ ದಾರಿ ಬಿಡಲಿಲ್ಲ, ಅವಳೂ ಕೇಳಲಿಲ್ಲ.