ಮೂರೂವರೆ ನಿಮಿಷ ಕಳೆದ ಮೇಲೆ

"ಅದಲ್ಲಪ್ಪಾ, ಅದಲ್ಲ! ಅದು ಕತ್ತರಿಸಿದ ಹಾಡು!" ಟೈಲರಮ್ಮ ಅಳಿಯನ ಕೈಯಿಂದ ಫೋನು ಕಿತ್ತುಕೊಂಡಳು.

ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ತಿರುಗಿ ನೋಡಿದರು. ಎದುರಿಗೆ ಪೆಟ್ಟಿಗೆಯಲ್ಲಿ ಅವಳ ಗಂಡ ಮಲಗಿದ್ದ. ಜೀವಮಾನವಿಡೀ ಲಿಫ್ಟು ರಿಪೇರಿ ಮಾಡಿದ ಆ ಮನುಷ್ಯ ಕಟ್ಟಿದ್ದು ಒಂದೇ ಒಂದು ಹಾಡು. ಅದನ್ನು ಒಂದು ಸಲವಾದರೂ ನಾಲ್ಕು ಜನ ಪೂರ್ತಿ ಕೇಳಬೇಕು ಎಂಬುದು ಅವನ ಕೊನೆಯ ಆಸೆಯಾಗಿತ್ತು.

"ಹುಡುಕಿದ್ರೆ ಸಿಗೋದು ಇದೊಂದೇ ಅಮ್ಮಾ," ಎಂದಳು ಮಗಳು. "ಪೂರ್ತಿ ಹಾಡಿದ್ದ ಅಪ್ಪನ ಟೇಪು ಬೆಳಿಗ್ಗೆ ಟೇಪ್ ರೆಕಾರ್ಡರಿಗೆ ಸಿಕ್ಕಿ ತುಂಡಾಯ್ತು. ನೀನೇ ನೋಡಿದ್ಯಲ್ಲ."

"ಸತ್ತ ಮೇಲೂ ನಿಮ್ಮಪ್ಪನ ಹಣೆಬರಹ ನೆಟ್ಟಗಾಗ್ಲಿಲ್ಲ ನೋಡು."

*

ಬಹಳ ವರ್ಷಗಳ ಹಿಂದೆ ಒಮ್ಮೆ ಅವನು ರಿಪೇರಿಗೆ ಇಳಿದು, ಲಿಫ್ಟಿನ ತಳದ ಹೊಂಡದಲ್ಲಿ ಸಿಕ್ಕಿಬಿದ್ದು "ಮೇಲೆ ಯಾರಿದ್ದೀರಿ?" ಎಂದು ಗಂಟಲು ಹರಿಯುವಂತೆ ಕೂಗಿದ್ದ. ಹಾಡು ಹುಟ್ಟಿದ್ದು ಅಲ್ಲಿ. ಗಿಟಾರು, ಡ್ರಮ್ಮು ಸೇರಿಸಿ ಅದನ್ನು ರಾಕ್ ಹಾಡು ಮಾಡಿದ. ಆದರೆ ಕೂಗಿಗೆ ಓಗೊಡಲು ಅವನಿಗೆ ಚರ್ಚಿನ ಗಾಸ್ಪೆಲ್ ಗೀತೆ ಹಾಡುವ ದನಿಗಳೇ ಬೇಕಿತ್ತು. ಇದೇ ಮಂದಿರದಲ್ಲಿ ಹಾಡುತ್ತಿದ್ದ ಎಂಟು ಹೆಂಗಸರು, ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸ ಮುಗಿಸಿ, ಒಂಬತ್ತು ಸಂಜೆ ಸ್ಟುಡಿಯೋಗೆ ಬಂದರು. ಮುಂದಾಳು ದೊಡ್ಡಕ್ಕ ದನಿ ಎತ್ತಿದರೆ ಕಿಟಕಿಯ ಗಾಜು ಅದುರುತ್ತಿತ್ತು.

ಹಾಡು ಬಿಡುಗಡೆಯಾದ ದಿನ ಅಷ್ಟೂ ಜನ ಟೈಲರಮ್ಮನ ಒಂದೇ ಕೋಣೆಯ ಮನೆಯಲ್ಲಿ ರೇಡಿಯೋ ಸುತ್ತ ಕೂತರು. "ಮೇಲೆ ಯಾರಿದ್ದೀರಿ?" ಎಂದು ಅವನ ದನಿ ಬಂತು. ಇನ್ನು ನಮ್ಮದೇ ಎಂದು ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. ಅಷ್ಟರಲ್ಲಿ ಹಾಡು ಸಣ್ಣಗಾಗುತ್ತಾ ಹೋಗಿ, ಹಲ್ಲುಪುಡಿಯ ಜಾಹೀರಾತು ಶುರುವಾಯಿತು.

ಮೂರೂವರೆ ನಿಮಿಷ ದಾಟಿದರೆ ರೇಡಿಯೋದವರು ಹಾಕುವುದಿಲ್ಲವೆಂದು ರೆಕಾರ್ಡ್ ಕಂಪನಿಯವರು ಕತ್ತರಿ ಆಡಿಸಿದ್ದರು. ಹಾಡು ಕಟ್ಟಿದವನಿಗೆ ಒಂದು ಮಾತು ಹೇಳಿರಲಿಲ್ಲ.

"ಹೋಗ್ಲಿ ಬಿಡಪ್ಪಾ," ಎಂದು ದೊಡ್ಡಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಹಾಡು ಹೆಸರು ಮಾಡಿತು. ಯಾರು ಹೊಗಳಿದರೂ ಅವನು "ಅದು ಅರ್ಧ" ಎಂದು ಮುಖ ಸಿಂಡರಿಸುತ್ತಿದ್ದ. ಭಾನುವಾರ ಬಂತೆಂದರೆ ಪೂರ್ತಿ ಟೇಪು ಹಾಕಿಕೊಂಡು ಕೂರುತ್ತಿದ್ದ. "ನಿಲ್ಸ್ರೀ ಸಾಕು, ತಲೆ ಚಿಟ್ಟು ಹಿಡೀತು!" ಎಂದು ಟೈಲರಮ್ಮ ಹೊಲಿಗೆ ಮೆಷಿನ್ನಿನ ಮುಂದಿನಿಂದ ಕೂಗುತ್ತಿದ್ದಳು. ಮೂವತ್ತೆಂಟು ವರ್ಷ ಇದೇ ಗೋಳು.

*

ಬೇರೆ ದಾರಿ ಕಾಣದೆ ಫೋನಿನ ಹಾಡನ್ನೇ ಹಾಕಿದರು. ಅದು ಅದೇ ಜಾಗದಲ್ಲಿ ಸಣ್ಣಗಾಗಿ ನಿಂತುಹೋಯಿತು. ಪಾದ್ರಿ ಪುಸ್ತಕ ಮಡಚಿದರು. ಪೆಟ್ಟಿಗೆ ಎತ್ತಲು ನಾಲ್ವರು ಮುಂದೆ ಬಂದರು.

ಅಂದು ಹಾಡಿದ ಎಂಟು ಹೆಂಗಸರಲ್ಲಿ ಬದುಕಿ ಉಳಿದಿದ್ದವಳು, ಮುಂದಿನ ಬೆಂಚಿನಲ್ಲಿ ಕೂತಿದ್ದ ದೊಡ್ಡಕ್ಕ ಒಬ್ಬಳೇ. ಟೈಲರಮ್ಮ ಅವಳತ್ತ ತಿರುಗಿದಳು. "ಹಾಡಕ್ಕಾ, ಮುಂದಿಂದು ನೀನಾದ್ರೂ ಹಾಡು!"

"ಎಲ್ಲಿ ನೆನಪಿರುತ್ತೆ ತಾಯೀ? ಆಮೇಲೆ ಅದನ್ನ ಕೇಳೇ ಇಲ್ವಲ್ಲ ನಾನು."

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಕಂಪನಿಯ ಮೇಲೆ, ಹಾಳಾದ ಟೇಪಿನ ಮೇಲೆ, ತಣ್ಣಗೆ ಮಲಗಿದ್ದವನ ಮೇಲೂ ಸಿಟ್ಟು ಬಂತು. ಮೂವತ್ತೆಂಟು ವರ್ಷವೂ ಪ್ರತಿ ಭಾನುವಾರ ಅದನ್ನು ಕೇಳಿ ಕೇಳಿ ಸಾಕಾಗಿದ್ದವಳು ಅವಳೊಬ್ಬಳೇ. ಎಂದೂ ಹಾಡಿದವಳಲ್ಲ. ಎದ್ದು ನಿಂತು ಶುರು ಮಾಡಿಯೇಬಿಟ್ಟಳು.

"ಇದ್ದೀವೀ, ಇದ್ದೀವೀ... ಹಗ್ಗ ಬಿಡ್ತೀವಿ, ಹಿಡ್ಕೋ..."

ದನಿ ಒಡೆದಿತ್ತು. ಶ್ರುತಿ ಎಲ್ಲೋ, ಅವಳೆಲ್ಲೋ.

"ಅಮ್ಮಾ, ಹೊತ್ತಾಯ್ತು," ಎಂದರು ಪಾದ್ರಿ ಮೆಲ್ಲಗೆ.

"ಹಾಡು ಇನ್ನೂ ಎರಡು ನಿಮಿಷ ಇದೆ. ನಿಂತ್ಕೊಳ್ಳಿ!"

"ಇನ್ನೊಂಚೂರು ಮೇಲಕ್ಕೆ ತಗೋ," ಎಂದಳು ದೊಡ್ಡಕ್ಕ. ಟೈಲರಮ್ಮ ಅವಳನ್ನು ದುರುಗುಟ್ಟಿ ನೋಡಿ, ಅದೇ ಒಡಕು ದನಿಯಲ್ಲಿ ಎರಡನೇ ಸಾಲು ಎತ್ತಿಕೊಂಡಳು. ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದ ನಾಲ್ವರು, ಎತ್ತಲೂ ಆಗದೆ ಬಿಡಲೂ ಆಗದೆ, ಬಗ್ಗಿದಲ್ಲೇ ಕತ್ತೆತ್ತಿ ಅವಳನ್ನು ನೋಡುತ್ತಾ ನಿಂತರು.