ಮಹಡಿಯ ರೂಟರ್, ಕೆಳಗಿನ ರೂಟರ್

"ಅವನಿಗೆ ಹೇಳಮ್ಮ, ಮಲ್ಟಿಕ್ಯಾಸ್ಟ್ ಆನ್ ಮಾಡೋಕೆ," ಎಂದ ತಮ್ಮ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅಮ್ಮ ಸೋಫಾದ ಇನ್ನೊಂದು ತುದಿಗೆ ತಿರುಗಿದಳು. "ಅದೇನೋ ಆನ್ ಮಾಡ್ಬೇಕಂತೆ ಕಣೋ."

"ಆಗಲೇ ಮಾಡಿದೀನಿ ಅಂತ ಹೇಳು," ಎಂದ ಅಣ್ಣ, ಮೊಬೈಲಿನಲ್ಲಿ ಕಣ್ಣು ನೆಟ್ಟು.

ಮಾರು ದೂರದಲ್ಲಿ ಕೂತ ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೇನು, ಮನೆ ಪಾಲಾದಂದಿನಿಂದ ಮಾತು ಬಂದ್. ಅಣ್ಣ, ಅಮ್ಮ ಕೆಳಗೆ, ತಮ್ಮ ಮಹಡಿಯಲ್ಲಿ, ಹೇಳಬೇಕಾದ್ದೆಲ್ಲ ಅಮ್ಮನ ಮೂಲಕ. ಟೀವಿಯ ಲೈನ್ ಬರುವುದು ತಮ್ಮನ ರೂಟರಿಗೆ. ಅಲ್ಲಿಂದ ಅಣ್ಣ ಹೊಸದಾಗಿ ತಂದ ರೂಟರಿಗೆ ದಾರಿ ತೋರಿಸಬೇಕು. ನೇರ ಪ್ರಸಾರವನ್ನು ಮನೆಯ ಟೀವಿಗಳಿಗೆ ಹಂಚುವ ಮಲ್ಟಿಕ್ಯಾಸ್ಟನ್ನು ಎರಡೂ ಕಡೆ ತೆರೆಯಬೇಕು. ತಮ್ಮ ಬೆಳಿಗ್ಗೆಯಿಂದ ಅದರ ಹಿಂದೆ ಬಿದ್ದಿದ್ದ. ಆದರೂ ಅಮ್ಮನ ಟೀವಿಯಲ್ಲಿ ಚಿತ್ರ ನಿಂತೇ ಇತ್ತು, ಹಾಡುಗಾರ್ತಿ ತೆರೆದ ಬಾಯಿ ಮುಚ್ಚಿರಲಿಲ್ಲ. ಅವನ ತಲೆ ಕೆಟ್ಟು ಹೋಗಿತ್ತು.

"ಸರಿಯಾಗಿ ಮಾಡಿದಾನಾ ಕೇಳು."

"ನನಗೆ ಪಾಠ ಹೇಳ್ಬೇಡ ಅಂತ ಹೇಳು."

ಅಮ್ಮ ದಡಕ್ಕನೆ ಎದ್ದಳು. "ನನ್ನ ಕೈಲಿ ಆಗಲ್ರಪ್ಪ. ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ಸಾಕಾಗಿದೆ. ನಾಳೆ ನಿಮ್ಮಕ್ಕನ ಮನೆಗೆ ಹೊರಟೆ. ಇನ್ನು ಅಲ್ಲೇ ಇರ್ತೀನಿ."

ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಬೀರು ತೆರೆದ, ಪೆಟ್ಟಿಗೆ ಎಳೆದ ಸದ್ದು.

ಅಮ್ಮ ಸುಮ್ಮನೆ ಬೆದರಿಸುವವಳಲ್ಲ. ಅವಳು ಹೋದರೆ ಮೇಲಿನವರಿಗೂ ಕೆಳಗಿನವರಿಗೂ ಸಂಬಂಧವೇ ಉಳಿಯುವುದಿಲ್ಲ. ತಮ್ಮ ಎದ್ದು ಹೋಗಿ ಅಣ್ಣನ ಮೊಬೈಲಿನೊಳಗೆ ಇಣುಕಿದ. ನೋಡಿದರೆ, ಅಲ್ಲಿ ಕಾಣುತ್ತಿದ್ದ ಅಣ್ಣನ ರೂಟರಿನ ವಿಳಾಸದ ನಂಬರೂ ಇವನದೂ ಒಂದು ಚುಕ್ಕೆ ಬಿಡದೆ ಒಂದೇ! ಒಂದೇ ಬೀದಿಯ ಎರಡು ಮನೆಗೆ ಒಂದೇ ನಂಬರಿದ್ದರೆ ಅಂಚೆಯವನು ಎಲ್ಲಿಗೆ ಹೋಗಬೇಕು?

"ಥತ್, ಎರಡಕ್ಕೂ ಒಂದೇ ನಂಬರ್ ಕಣೋ ಅಣ್ಣ! ನಿಂದು ಬದಲಾಯಿಸು."

"ನಾನ್ಯಾಕೆ? ಚಿಕ್ಕೋನು ನೀನು. ನೀನು ಬದಲಾಯಿಸು."

"ಶುರುವಾಯ್ತಾ! ಮೆಟ್ಟಿಲಿಗೆ ಬಾಗಿಲು ಹಾಕಿಸುವಾಗ್ಲೂ ನೀನು ಇದನ್ನೇ ಅಂದಿದ್ದೆ."

"ಬಾಗಿಲು ಬೇಕು ಅಂದೋನು ಯಾರು?"

"ನೀನು!"

"ನಾನಾ?"

ಬೈಯುತ್ತಲೇ ತಮ್ಮ ತನ್ನ ನಂಬರನ್ನು ಬದಲಾಯಿಸಿದ, ದಾರಿಯನ್ನು ಮತ್ತೆ ಬರೆದ. ಟೀವಿಯಲ್ಲಿ ಚಿತ್ರ ಅಲುಗಾಡಿತು, ಹಾಡು ಹೊರಟಿತು. ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ಅಣ್ಣ ಬಾಗಿಲನ್ನು ಬಿಟ್ಟು ನೀರಿನ ಟ್ಯಾಂಕಿನ ವಿಷಯಕ್ಕೆ ಬಂದಿದ್ದ. ತಮ್ಮನ ದನಿ ಬೀದಿಗೆ ಕೇಳುವಷ್ಟು ಏರಿತ್ತು.

ಅಮ್ಮ ಹೊರಗೆ ಬಂದಳು. ಮುಖಕ್ಕೆ ಮುಖ ಕೊಟ್ಟು ಜಗಳವಾಡುತ್ತಿದ್ದ ಇಬ್ಬರನ್ನೂ ಒಮ್ಮೆ ನೋಡಿ, ತನ್ನ ಜಾಗದಲ್ಲಿ ಕೂತಳು. ರಿಮೋಟ್ ಎತ್ತಿಕೊಂಡು ಟೀವಿಯ ದನಿಯನ್ನು ಪೂರ್ತಿ ಇಳಿಸಿದಳು.